ಸಂಕಲ್ಪ ಮತ್ತು ಅನ್‌ಡೂ

ಆ್ಯಪಲ್ ಕಂಪನಿ 1987ರಲ್ಲಿ ಪುಸ್ತಕವಾಗಿ ತಂದ ಹ್ಯೂಮನ್ ಇಂಟರ್‌ಫೇಸ್ ಗೈಡ್‌ಲೈನ್ಸ್‌ನ ತತ್ವಗಳ ಪಟ್ಟಿಯಲ್ಲಿ ಕ್ಷಮೆಯೂ ಒಂದು. ನಮ್ಮಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರಿಗೆ ನಾನು ಮೊದಲು ಓದಿಸುವುದು ಅದನ್ನೇ. ಮಾಡಿದ್ದನ್ನು ವಾಪಸು ತೆಗೆದುಕೊಳ್ಳಲು ದಾರಿ, ಅಂದರೆ ಅನ್‌ಡೂ, ಇದ್ದರೆ ಜನ ಹೆದರದೆ ಕಲಿಯುತ್ತಾರೆ ಅನ್ನುವುದು ಅದರ ತಿರುಳು.

ಹುಡುಗರು ಓದಿ ತಲೆಯಾಡಿಸುತ್ತಾರೆ. ಮಾರನೇ ದಿನ 'ಖಂಡಿತ ಡಿಲೀಟ್ ಮಾಡಬೇಕೆ?' ಎಂಬ ಬಾಕ್ಸ್ ಬರೆದು ತರುತ್ತಾರೆ. ಕೇಳಿಯೇ ಮಾಡಿದ್ದೇವಲ್ಲ, ಇನ್ನು ತಪ್ಪೇನಿದ್ದರೂ ಒತ್ತಿದವರದು ಎಂಬ ಧೈರ್ಯ. ಮ್ಯಾಕಿಂಟಾಷ್ ಯೋಜನೆ ಶುರುಮಾಡಿದ ಜೆಫ್ ರಾಸ್ಕಿನ್ 2000ದಲ್ಲಿ ಬರೆದ 'ದಿ ಹ್ಯೂಮೇನ್ ಇಂಟರ್‌ಫೇಸ್' ಆ ಧೈರ್ಯವನ್ನೇ ಮುರಿಯುತ್ತದೆ. ಗಮನ ಒಂದು ಹೊತ್ತಿಗೆ ಒಂದೇ ಕಡೆ ನಿಲ್ಲುವಂಥದ್ದು. ನಾಲ್ಕು ಸಲ 'ಹೌದು' ಒತ್ತಿದ ಬೆರಳು ಐದನೆಯದನ್ನು ತಾನಾಗಿ ಒತ್ತಿರುತ್ತದೆ.

ಹಾಗಾದರೆ ಗಮನವಿಲ್ಲದೆ ಆದ ಆ ಕೆಲಸದ ಕರ್ತೃ ಯಾರು? ಈ ಪ್ರಶ್ನೆಗೆ ನನಗೆ ನೆನಪಾಗುವುದು ಪೂಜೆಯಲ್ಲಿ 'ಇದನ್ನು ನಾನು ಮಾಡುತ್ತೇನೆ' ಎಂದು ಹೇಳುವ ಸಂಕಲ್ಪ. ನಮ್ಮಪ್ಪ ಪೌರೋಹಿತ್ಯ ಮಾಡುತ್ತಿದ್ದವರು. ಸತ್ಯನಾರಾಯಣ ಪೂಜೆಗೆ ಕೂತ ಯಜಮಾನರು ಅಕ್ಷತೆ ಹಿಡಿದು, ಅಪ್ಪ ಹೇಳಿಕೊಟ್ಟ ಸಂಕಲ್ಪವನ್ನು ಒಪ್ಪಿಸುವರು: ಸಂವತ್ಸರ, ಮಾಸ, ತಿಥಿ, ಎಲ್ಲ ಒಂದೇ ಉಸಿರಿಗೆ. ಕಣ್ಣು ಮಾತ್ರ ಎಲೆ ಹಾಕುವವರ ಮೇಲೆ. ಸಂಕಲ್ಪವಿಲ್ಲದ ಕರ್ಮಕ್ಕೆ ಫಲವಿಲ್ಲ ಎನ್ನುವವರಿಗೆ ಈ ಕಣ್ಣಿನ ವಿಷಯವೂ ಗೊತ್ತಿದ್ದಿರಬೇಕು. ಮಂತ್ರಲೋಪ, ಕ್ರಿಯಾಲೋಪಗಳಿಗೆ ಕೊನೆಯಲ್ಲಿ ಕ್ಷಮೆ ಬೇಡುವುದನ್ನು ಪೂಜೆಯೊಳಗೇ ಸೇರಿಸಿಟ್ಟಿದ್ದಾರೆ, ಲೋಪ ಆಗಿಯೇ ಆಗಿರುತ್ತದೆ ಎಂಬ ಲೆಕ್ಕದಲ್ಲಿ. ಅನ್‌ಡೂ ಇಡುವವರ ಲೆಕ್ಕವೂ ಇದೇ. ಕರ್ತೃತ್ವದಲ್ಲಿ ಒಂದು ಪಾಲು ಸಾಫ್ಟ್‌ವೇರ್ ಕಟ್ಟಿದವರದು ಎಂದು ನಾನು ವಾದಿಸುವುದು, ಲೋಪ ಆಗುವುದು ಅವರಿಗೆ ಮೊದಲೇ ಗೊತ್ತಿರುವುದರಿಂದ.

ಎಲ್ಲಕ್ಕೂ ಅನ್‌ಡೂ ಇಲ್ಲ, ನಿಜ. ಜಿಮೇಲ್ ಕಳಿಸಿದ ಪತ್ರವನ್ನು ಹಿಂದಕ್ಕೆ ಕೊಡುವುದು, ಅದನ್ನು ಹೆಚ್ಚೆಂದರೆ 30 ಸೆಕೆಂಡು ತನ್ನಲ್ಲೇ ತಡೆದಿಟ್ಟುಕೊಂಡಿರುವುದರಿಂದ. ಯುಪಿಐಯಲ್ಲಿ ಹೋದ ಹಣಕ್ಕೆ ಅಷ್ಟೂ ಇಲ್ಲ. ಅದಕ್ಕೇ ಅಲ್ಲಿ ಪಿನ್ ಒತ್ತುವ ಮೊದಲು ಪಡೆಯುವವರ ಹೆಸರು, ಮೊತ್ತ ಎದುರಿಗೆ ಬರುತ್ತವೆ. ಅಪರಿಚಿತ ಹೆಸರು ಕಂಡರೆ ಕೈ ತಡೆಯುತ್ತದೆ. ಅಪ್ಪನೂ ಯಜಮಾನರ ಗೋತ್ರ ತಮಗೆ ಗೊತ್ತಿದ್ದರೂ ಸಂಕಲ್ಪದ ಮಧ್ಯೆ ನಿಲ್ಲಿಸಿ, "ಗೋತ್ರ ಹೇಳಿ" ಅನ್ನುತ್ತಿದ್ದರು. ಎಲೆ ಕಡೆ ಹೋಗಿದ್ದ ಕಣ್ಣು ಆಗ ತಿರುಗುತ್ತಿತ್ತು.

ನಮ್ಮಲ್ಲಿ ಈಗ ಬಹುಪಾಲು ಬಾಕ್ಸ್‌ಗಳನ್ನು ಕಿತ್ತಿದ್ದೇವೆ. ಅಳಿಸಿದ ಫೈಲ್ 30 ದಿನ ಬುಟ್ಟಿಯಲ್ಲಿರುತ್ತದೆ. ಸರ್ವರ್ ಖರ್ಚು ಏರಿತೆಂದು ಮೇಲಿನವರು ಗೊಣಗುತ್ತಿದ್ದಾರೆ, 15 ದಿನ ಸಾಲದೇ ಅಂತ.