ಬಿರುದು ಯಾರ ಸ್ವತ್ತು?

ಹೆಸರನ್ನು ತಂದೆತಾಯಿಗಳು ಇಡುತ್ತಾರೆ. ಅಡ್ಡಹೆಸರನ್ನು ಊರು ಇಡುತ್ತದೆ. ಊರು ಇಟ್ಟದ್ದನ್ನು ಹೊತ್ತವನು, ಅದು ತನ್ನ ಸ್ವತ್ತೆಂದು ಸರಕಾರದ ದಫ್ತರದಲ್ಲಿ ಬರೆಯಿಸಿಕೊಳ್ಳಬಹುದೆ?

2019ರ ಮೇ ತಿಂಗಳಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಟಾಮ್ ಬ್ರೇಡಿಯ ಕಂಪನಿ 'ಟಾಮ್ ಟೆರಿಫಿಕ್' ಎಂಬ ಹೆಸರನ್ನು ತನ್ನ ಟ್ರೇಡ್‌ಮಾರ್ಕ್ ಮಾಡಿಕೊಡಬೇಕೆಂದು ಅರ್ಜಿ ಹಾಕಿತು. (ಅಲ್ಲಿಯ ಫುಟ್‌ಬಾಲ್ ನಾವು ಒದೆಯುವ ಆಟವಲ್ಲ, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನುಗ್ಗುವ ಆಟ.) 'ಭಲೇ ಟಾಮ್' ಎಂದರೆ ಆ ಹೆಸರಿನ ಭಾವ ನಮಗೆ ಹತ್ತಿರವಾದೀತು. ಅಂಗಿಗಳಿಗೆ, ಆಟಗಾರರ ಚಿತ್ರದ ಕಾರ್ಡುಗಳಿಗೆ ಆ ಹೆಸರು ಬೇಕಾಗಿತ್ತು. ಸುದ್ದಿ ಹೊರಬಿದ್ದದ್ದೇ ತಡ, ನ್ಯೂಯಾರ್ಕಿನ ಬೇಸ್‌ಬಾಲ್ ಅಭಿಮಾನಿಗಳು ಕೆರಳಿದರು. ಅವರ ಪಾಲಿಗೆ ಆ ಹೆಸರಿನವನು ಒಬ್ಬನೇ, ಟಾಮ್ ಸೀವರ್. ನಗೆಪಾಟಲಾಗಿದ್ದ ಮೆಟ್ಸ್ ತಂಡಕ್ಕೆ 1969ರಲ್ಲಿ 25 ಪಂದ್ಯಗಳನ್ನು ಗೆದ್ದುಕೊಟ್ಟು, ಅದನ್ನು ಆ ವರ್ಷದ ಚಾಂಪಿಯನ್ ಪಟ್ಟಕ್ಕೇರಿಸಿದ ಎಸೆತಗಾರ. ಅರ್ಜಿ ಬೀಳುವುದಕ್ಕೆ ಎರಡೇ ತಿಂಗಳ ಹಿಂದೆ ಆತನ ಮನೆಯವರು, ಸೀವರ್‌ಗೆ ಮರೆವಿನ ರೋಗ ಹಿಡಿದಿದೆ, ಇನ್ನು ಮುಂದೆ ಆತ ಜನರ ನಡುವೆ ಬರುವುದಿಲ್ಲ ಎಂದು ತಿಳಿಸಿದ್ದರು.

ಬ್ರೇಡಿ ಕೊಟ್ಟ ಸಮಾಧಾನ ಸ್ವಾರಸ್ಯವಾದದ್ದು. ಆ ಹೆಸರು ತನಗೆ ಹಿಡಿಸುವುದೇ ಇಲ್ಲ. ಇತರರು ಅದನ್ನು ತನಗೆ ಅಂಟಿಸದಿರಲೆಂದೇ ಅರ್ಜಿ ಹಾಕಿದ್ದು ಎಂದ. ನಂಬೋಣ. ಆದರೆ ಬೇಡವಾದ ಶಾಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಮೊದಲು, ಅದು ಇನ್ನೊಬ್ಬರ ಹೆಗಲ ಮೇಲಿದೆಯೆ ಎಂದು ನೋಡಬೇಡವೆ?

ಹಾಗೆಂದು ಸೀವರ್ ಆ ಹೆಸರಿನ ಮೊದಲಿಗನೂ ಅಲ್ಲ. 1957ರಲ್ಲಿಯೇ ಅಮೆರಿಕದ ಟೆಲಿವಿಷನ್ನಿನಲ್ಲಿ, ತಲೆಯ ಮೇಲೆ ಆಲಿಕೆಯನ್ನು ಟೋಪಿಯಂತೆ ಇಟ್ಟುಕೊಂಡ ಕಾರ್ಟೂನ್ ಹುಡುಗನೊಬ್ಬ ಅದೇ ಹೆಸರಿನಲ್ಲಿ ಕುಣಿದಿದ್ದ. ಮೊದಲು ಬಂದವನದೇ ಹಕ್ಕು ಎನ್ನುವುದಾದರೆ ಅದು ಆ ಹುಡುಗನಿಗೇ ಸಲ್ಲಬೇಕು! ನಮ್ಮಲ್ಲಿ ರನ್ನನೂ ಕವಿಚಕ್ರವರ್ತಿ, ಜನ್ನನೂ ಕವಿಚಕ್ರವರ್ತಿ. ಇಬ್ಬರಿಗೂ ಮೊದಲಿನ ಪೊನ್ನ ಉಭಯಕವಿಚಕ್ರವರ್ತಿ. ಒಬ್ಬನ ಬಿರುದಿನಿಂದ ಇನ್ನೊಬ್ಬನ ಬಿರುದಿಗೆ ಕುಂದು ಬಂತೆಂದು ಯಾರೂ ಹೇಳಲಿಲ್ಲ. ಬಿರುದು ಕೊಟ್ಟವರು ಬೇರೆಯವರಾಗಿದ್ದರು. ಹೊತ್ತವನು ಅದನ್ನು ಅಂಗಡಿಯಲ್ಲಿ ಇಡಲಿಲ್ಲ. ಅಂಗಡಿಗೆ ಬಂದೊಡನೆ 'ನನ್ನದು' ಎಂಬ ಮಾತಿಗೆ 'ನಿನ್ನದಲ್ಲ' ಎಂಬ ಬಾಲ ಹುಟ್ಟಿಕೊಳ್ಳುತ್ತದೆ.

ಆಗಸ್ಟಿನಲ್ಲಿ ಟ್ರೇಡ್‌ಮಾರ್ಕ್ ಕಚೇರಿ ಅರ್ಜಿಯನ್ನು ತಳ್ಳಿಹಾಕಿತು. ಅದು ಕೊಟ್ಟ ಕಾರಣ ನನಗೆ ಮೆಚ್ಚಿಕೆಯಾಯಿತು. ಯಾರು ಮೊದಲಿಗರು ಎಂಬುದರ ಮೇಲೆ ಅದು ತೀರ್ಮಾನ ಮಾಡಲಿಲ್ಲ. ಈ ಹೆಸರು ಕೇಳಿದರೆ ಜನರಿಗೆ ಯಾರ ನೆನಪಾಗುತ್ತದೆ ಎಂದು ನೋಡಿತು. ಸೀವರ್ ಅಷ್ಟು ಪ್ರಸಿದ್ಧನಾದ್ದರಿಂದ, ಕೊಳ್ಳುವವರು ಸರಕಿಗೂ ಆತನಿಗೂ ಸಂಬಂಧವಿದೆಯೆಂದು ತಿಳಿದಾರು ಎಂದಿತು. ಬದುಕಿರುವ ವ್ಯಕ್ತಿಯನ್ನು ಸೂಚಿಸುವ ಹೆಸರಾದರೆ ಆತನ ಲಿಖಿತ ಸಮ್ಮತಿಯೂ ಬೇಕೆಂಬುದು ಅಲ್ಲಿಯ ಕಾನೂನು. ತನ್ನ ನೆನಪೇ ಮಾಸುತ್ತಿದ್ದ ಮನುಷ್ಯನ ಹೆಸರನ್ನು ಬೇರೆಯವರ ನೆನಪು ಕಾಯ್ದುಕೊಂಡಿತು.

ನ್ಯಾಯವೇನೋ ಸರಿ. ಆದರೂ ನೆನಪನ್ನೇ ಅಳತೆಗೋಲು ಮಾಡಿದರೆ ಅದು ವರ್ಷವರ್ಷಕ್ಕೂ ಗಿಡ್ಡವಾಗುವ ಕೋಲು. ನಾಳೆಯ ಹುಡುಗರಿಗೆ 'ಟಾಮ್' ಎಂದೊಡನೆ ಬ್ರೇಡಿಯೇ ನೆನಪಾದರೆ, ಅದೇ ಕಚೇರಿ ಅದೇ ತರ್ಕದಿಂದ ಬೇರೆ ತೀರ್ಪು ಕೊಡಬಹುದಲ್ಲವೆ? ಸೀವರ್ 2020ರ ಆಗಸ್ಟ್ 31ರಂದು ತೀರಿಕೊಂಡ. ಸಮ್ಮತಿ ಕೇಳಬೇಕಾದ ಮನುಷ್ಯ ಇಲ್ಲ. 1969ರಲ್ಲಿ ಗ್ಯಾಲರಿಯಲ್ಲಿ ಕುಳಿತು ಆ ಹೆಸರನ್ನು ಕೂಗಿದ ಹತ್ತು ವರ್ಷದ ಹುಡುಗನಿಗೂ ಈಗ ಅರವತ್ತೈದು ದಾಟಿದೆ.