ಸುಂಡಿದ ಸಾರು

ಹುಳಿಯಾರು ಪಕ್ಕದ ನಮ್ಮ ಕೆಂಕೆರೆಯಲ್ಲಿ ಹುರುಳಿಕಾಳಿನ ಸಾರಿಗೆ ಎರಡು ಆಯಸ್ಸು. ಒಂದು ರಾತ್ರಿಯ ಬಿಸಿ ಮುದ್ದೆಯ ಜೊತೆಗೆ ಮುಗಿಯುತ್ತದೆ. ಇನ್ನೊಂದು ಬೆಳಗ್ಗೆ, ಉಳಿದ ಸಾರಿನ ಪಾತ್ರೆ ಮತ್ತೆ ಒಲೆಯೇರಿದಾಗ ಶುರುವಾಗುತ್ತದೆ.

ಹುರುಳಿ ಮೊಂಡು ಕಾಳು. ಮುಂಗಾರು ಕೈಕೊಟ್ಟು ರಾಗಿ ಹೊಲ ಬೀಳುಬಿದ್ದ ವರ್ಷವೂ, ತಡವಾಗಿ ಎರಚಿದರೆ ಸಾಕು, ಇದ್ದಬದ್ದ ಪಸೆಯಲ್ಲೇ ಬಂದುಬಿಡುತ್ತದೆ. ಅದೇ ಮೊಂಡುತನ ಅಡುಗೆಮನೆಯಲ್ಲೂ. ರಾತ್ರಿಯಿಡೀ ನೆನೆಸಿದರೂ ಬೇಗ ಬೇಯದು. ಉಳುವ ಎತ್ತುಗಳಿದ್ದ ಕಾಲದಲ್ಲಿ ಬೆಂದ ಕಾಳು ಕೊಟ್ಟಿಗೆಗೆ, ಬಸಿದ ಕಟ್ಟು ಮನೆಯವರಿಗೆ. ಎತ್ತಿಗೆ ಹಾಕುವ ಮೊದಲು ಅವ್ವ ಒಂದು ಹಿಡಿ ಕಾಳು ತೆಗೆದಿಡುತ್ತಿದ್ದಳು. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಧನಿಯ, ಜೀರಿಗೆ, ಹುಣಸೆ, ತೋಟದ ಕಾಯಿಯ ತುರಿ, ಇವುಗಳ ಜೊತೆ ಆ ಹಿಡಿ ಕಾಳೂ ಒರಳಿಗೆ ಬೀಳುತ್ತಿತ್ತು. ಅದಿಲ್ಲದಿದ್ದರೆ ಕಟ್ಟು ಒಂದು ಕಡೆ, ಖಾರ ಒಂದು ಕಡೆ. ಅರೆದ ಕಾಳು ಎರಡನ್ನೂ ಹಿಡಿದಿಡುತ್ತದೆ.

ಬೆಳಗ್ಗೆ ಆ ಸಾರನ್ನು ಸುಂಡಿಸಬೇಕು, ಅಂದರೆ ನೀರು ಇಂಗಿಸಿ ಗಟ್ಟಿ ಮಾಡಬೇಕು. ತೆಂಗಿನ ಮಟ್ಟೆಯ ಉರಿ ಇಳಿದು, ಚಿಪ್ಪಿನ ಕೆಂಡ ಉಳಿದ ಮೇಲೆ ಪಾತ್ರೆ ಇಡುವುದು. ಮೊದಮೊದಲು ಸಣ್ಣ ಗುಳ್ಳೆಗಳು ತಟಪಟನೆ ಒಡೆಯುತ್ತವೆ. ಆಮೇಲೆ ಗುಳ್ಳೆ ದೊಡ್ಡದಾಗಿ, ನಿಧಾನವಾಗಿ, 'ಬುಳಕ್' ಎಂದು ಏಳುತ್ತದೆ. ಅಂಚಿನಲ್ಲಿ ಕೆಂಪು ಎಣ್ಣೆ ಬಿಡುತ್ತದೆ. ಸೌಟಿನಲ್ಲಿ ತಳ ಗೀರಿದರೆ ಗೆರೆ ಅರೆಗಳಿಗೆ ಹಾಗೇ ನಿಂತು, ಮತ್ತೆ ಮುಚ್ಚಿಕೊಳ್ಳುತ್ತದೆ. ಆಗ ಇಳಿಸಬೇಕು. ರಾಗಿರೊಟ್ಟಿಗೆ ಬಳಿದುಕೊಂಡು ತಿಂದರೆ ಬೇರೆ ಪಲ್ಯ ಬೇಡ.

ಒಮ್ಮೆ ನನಗೆ ಆ ಕೆಲಸ ವಹಿಸಿ ಅವ್ವ ಹಟ್ಟಿ ಗುಡಿಸಲು ಹೋದಳು. ಬೇಗ ಮುಗಿಯಲಿ ಎಂದು ಒಣಗಿದ ಸೋಗೆ ತುರುಕಿದೆ. ಉರಿ ಭಗ್ಗೆಂದಿತು, ಸಾರು ತಳ ಹಿಡಿಯಿತು. ವಾಸನೆಗೇ ಓಡಿಬಂದ ಅವ್ವ ಬೈಯಲಿಲ್ಲ. "ನೀರು ತಾನಾಗೇ ಹೋಗ್ಬೇಕು ಕಣಪ್ಪ, ನಾವು ಅಟ್ಟುಸ್ಬಾರ್ದು" ಎಂದಳು.

ಮೆಕ್ಸಿಕೋ ದೇಶದವರೂ ಬೇಯಿಸಿದ ಬೀನ್ಸ್ ಕಾಳನ್ನು ಹಿಸುಕಿ, ಕೊಬ್ಬಿನಲ್ಲಿ ಬಾಡಿಸಿ, ಗಟ್ಟಿ ಮಾಡಿ ರೊಟ್ಟಿಗೆ ಬಳಿದುಕೊಳ್ಳುತ್ತಾರೆ. ಅದರ ಹೆಸರು 'ಫ್ರಿಹೋಲೆಸ್ ರೆಫ್ರಿತೋಸ್'. ಇಂಗ್ಲಿಷಿನವರು ಅದನ್ನು 'ಎರಡನೇ ಸಲ ಹುರಿದದ್ದು' ಎಂದುಕೊಂಡರು. ಆದರೆ ಅಲ್ಲಿನವರ ಮಾತಿನಲ್ಲಿ ಆ 'ರೆ'ಗೆ 'ಚೆನ್ನಾಗಿ' ಎಂಬ ಅರ್ಥ: ಚೆನ್ನಾಗಿ ಹುರಿದದ್ದು. ಇದನ್ನು ತಿಳಿದ ದಿನ ನನಗೆ ನಮ್ಮ ಪಾತ್ರೆ ನೆನಪಾಯಿತು. ನಾವೂ ಸುಂಡಿದ ಸಾರನ್ನು ತಂಗಳು ಎಂದು ಸಂಕೋಚಪಡುತ್ತೇವೆ. ನಿಜಕ್ಕೂ ಅದು ಪೂರ್ತಿ ಬೆಂದ ಸಾರು. ರಾತ್ರಿ ಉಂಡದ್ದು ಅರ್ಧ ದಾರಿಯದು.

ಹೊಸದಾಗಿ ಏನನ್ನೂ ಹಾಕದೆ ಸಾರು ಹೇಗೆ ರುಚಿಯಾಯಿತು? ಉತ್ತರ ತಲೆಯ ಮೇಲೇ ಇದೆ, ಅಟ್ಟದಲ್ಲಿ. ತಿಪಟೂರಿನ ಮಾರುಕಟ್ಟೆಗೆ ಹೋಗುವ ಉಂಡೆ ಕೊಬ್ಬರಿ ಆಗುವುದು ಹಾಗೆಯೇ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ 8ರಿಂದ 12 ತಿಂಗಳು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಅವಸರಪಟ್ಟು ಮೊದಲೇ ಒಡೆದವನಿಗೆ ಕಾಯೂ ಇಲ್ಲ, ಕೊಬ್ಬರಿಯೂ ಇಲ್ಲ.

ಮನಸ್ಸಿನಲ್ಲೂ ನಿನ್ನೆಯದು ಉಳಿದಿರುತ್ತದೆ. ಯಾರೋ ಆಡಿದ ಮಾತು, ನಾವೇ ಆಡಬಾರದಿದ್ದ ಮಾತು. ರಾತ್ರಿ ಅದೆಲ್ಲ ಬರೀ ನೀರು ನೀರು, ಬೇಕಾದ್ದಕ್ಕಿಂತ ಬೇಡದ್ದೇ ಜಾಸ್ತಿ. ಬೆಳಗ್ಗೆ ಅದನ್ನು ದೊಡ್ಡ ಉರಿಗೆ ಹಿಡಿದರೆ ಸೀದುಹೋಗುತ್ತದೆ. ಮುಚ್ಚಿಟ್ಟು ಮರೆತರೆ ಹಳಸುತ್ತದೆ. ಸಣ್ಣ ಉರಿಯಲ್ಲಿ ಪಕ್ಕದಲ್ಲೇ ನಿಂತು ಕೈಯಾಡಿಸಿದರೆ, ಆವಿಯಾಗಬೇಕಾದ್ದು ಆವಿಯಾಗಿ ಹುರುಳು ಉಳಿಯುತ್ತದೆ. ಹುರುಳಿಕಾಳಿಗೂ ಈ ಹುರುಳಿಗೂ ನಂಟಿದೆಯೋ ಇಲ್ಲವೋ, ಪಂಡಿತರು ಹೇಳಲಿ. ನಾಲಿಗೆಗೆ ಅನುಮಾನವಿಲ್ಲ.

ರಾತ್ರಿಯ ಸಾರು ಉಳಿದಿದ್ದರೆ ಇವತ್ತು ಚೆಲ್ಲಬೇಡಿ. ಉರಿ ಸಣ್ಣದಿರಲಿ. ಸೌಟು ಕೈಯಲ್ಲಿರಲಿ.