ಪಾಪ, ಮಿದುಳು ಮತ್ತು ಗುಳಿಗೆ

1976ರಲ್ಲಿ ಈವ್ ಜಾನ್‌ಸ್ಟೋನ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ, ಬಹುಕಾಲದ ಸ್ಕಿಜೋಫ್ರೇನಿಯಾ ರೋಗಿಗಳ ಮಿದುಳಿನೊಳಗಿನ ದ್ರವದ ಕುಹರಗಳು ಹಿಗ್ಗಿರುವುದನ್ನು ತೋರಿಸಿದರು. ಕಾಯಿಲೆಯನ್ನು ಪೂರ್ವಜನ್ಮದ ಪಾಪವೆನ್ನುವವರಿಗೆ ಇದು ಉತ್ತರವೇ? ಕರ್ಮವಾದಿ ಸುಲಭಕ್ಕೆ ಸೋಲುವವನಲ್ಲ. ಆ ಹಿಗ್ಗುವಿಕೆಯೂ ಕರ್ಮಫಲವೇ ಎಂದಾನು. ಯಾವ ಸಾಕ್ಷ್ಯಕ್ಕೂ ಜಗ್ಗದಿರುವುದೇ ಆ ವಾದದ ದೌರ್ಬಲ್ಯ. ಹಾಗೆಂದು ಮನುಷ್ಯನೆಂದರೆ ಮಿದುಳಷ್ಟೇ ಎನ್ನುವುದೂ ಅವಸರದ ಮಾತು. ಕುಹರಗಳ ಈ ವ್ಯತ್ಯಾಸ ಕಾಣುವುದು ಗುಂಪಿನ ಸರಾಸರಿಯಲ್ಲಿ. ಆರೋಗ್ಯವಂತರ ಅಳತೆಗಳೊಂದಿಗೆ ಅದು ಬೆರೆತುಹೋಗುವುದರಿಂದ, ಒಬ್ಬರ ಸ್ಕ್ಯಾನ್ ನೋಡಿ ಈ ರೋಗವನ್ನು ನಿರ್ಣಯಿಸಲಾಗದು. ಕುಹರಗಳು ಹಿಗ್ಗಿ ಮಿದುಳು ಕುಗ್ಗುವುದರಲ್ಲಿ ಔಷಧಿಯ ಪಾಲೂ ಇರಬಹುದೆಂಬ ಶಂಕೆ (ನ್ಯಾಯವಾದದ್ದೇ) ಇದೆ. ಆದರೂ 1988ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಬೇರೆ ಔಷಧಿಗಳಿಗೆ ಬಗ್ಗದ ರೋಗಿಗಳ ಪೈಕಿ ಕ್ಲೋಜಪೈನ್ ಎಂಬ ಔಷಧಿ ಪಡೆದವರಲ್ಲಿ ಶೇ. 30ರಷ್ಟು ಮಂದಿ ಸುಧಾರಿಸಿದರು. ಗುಳಿಗೆಗೆ ಇಳಿಯುವ ಕಾಯಿಲೆಯನ್ನು ಪಾಪವೆನ್ನುವುದೇಕೆ? ಹರಕೆ ಹೊರುವವರು ಹೊರಲಿ. ವೈದ್ಯರನ್ನು ಕೇಳದೆ ಗುಳಿಗೆ ಮಾತ್ರ ನಿಲ್ಲಿಸಬೇಡಿ.